ಸೋರದಿದ್ದರೆ ಸಾಲದು, ಹರಿಯಲೂ ಬೇಕು

ಅಮೆರಿಕದ ಗ್ಯಾರೇಜುಗಳಲ್ಲಿ ಸ್ವಂತ ವಿಮಾನ ಕಟ್ಟುವವರ ಜಾತ್ರೆ ಪ್ರತಿ ಬೇಸಿಗೆ ವಿಸ್ಕಾನ್ಸಿನ್‌ನ ಆಶ್‌ಕಾಶ್‌ನಲ್ಲಿ ನೆರೆಯುತ್ತದೆ. ಅಲ್ಲಿ ಎಲ್ಲರೂ ಮೆಚ್ಚುವುದು ರೆಕ್ಕೆಯ ನಯವನ್ನು, ಬಣ್ಣದ ಹೊಳಪನ್ನು. ಕಟ್ಟಿದವರ ನಿಜವಾದ ಕಸುಬುಗಾರಿಕೆ ಇರುವುದು ಎಂಜಿನ್ ಮುಚ್ಚಳದ ಕೆಳಗಿನ ಇಂಧನ ಹೋಸ್‌ನಲ್ಲಿ. ಒತ್ತಡ ಕೊಟ್ಟಾಗ ಸೋರಲಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಪಾಸು ಮಾಡುವುದು ತಪ್ಪು ಎಂಬುದು ನನ್ನ ವಾದ. ತುದಿಗೆ ಫಿಟಿಂಗ್ ಕೂಡಿಸಲು ರಬ್ಬರ್ ಹೋಸನ್ನು ಸಣ್ಣ ಹಲ್ಲಿನ ಗರಗಸದಿಂದ ನೇರವಾಗಿ ಕತ್ತರಿಸಿ, ಫಿಟಿಂಗಿನ ಹೊರಗಿನ ಸಾಕೆಟ್ ತಿರುಗಿಸಿ ಕೂರಿಸಿ, ಎಣ್ಣೆ ಸವರಿದ ನಿಪ್ಪಲನ್ನು ಒಳಕ್ಕೆ ತಿರುಗಿಸಬೇಕು. ಎಣ್ಣೆ ಸಾಲದಿದ್ದರೆ, ನಿಪ್ಪಲ್ ಓರೆಯಾದರೆ, ಅದರ ತುದಿ ಒಳಗೋಡೆಯ ರಬ್ಬರನ್ನು ಸಿಪ್ಪೆಯಂತೆ ಎಬ್ಬಿಸುತ್ತದೆ. ನಿಂತ ದ್ರವದ ಒತ್ತಡ ಆ ಸಿಪ್ಪೆಯನ್ನು ಗೋಡೆಗೇ ಒತ್ತಿ ಹಿಡಿಯುವುದರಿಂದ ಒಂದು ಹನಿಯೂ ಹೊರಬರುವುದಿಲ್ಲ. ಇಂಧನ ಹರಿಯತೊಡಗಿದಾಗ ಅದೇ ಸಿಪ್ಪೆ ಮೇಲೆದ್ದು ದಾರಿ ಮುಚ್ಚಬಹುದು. ಹಾಗಾಗಿ ಹೋಸನ್ನು ಬೆಳಕಿಗೆ ಹಿಡಿದು ಒಳಗೆ ನೋಡಬೇಕು. ರಂಧ್ರಕ್ಕಿಂತ ತುಸು ಚಿಕ್ಕ ಗುಂಡೊಂದು ಸಲೀಸಾಗಿ ಉರುಳಿ ಹೊರಬರಬೇಕು.

ಕಾರ್ಬ್ಯುರೇಟರ್ ಇರುವ ಲೈಕಮಿಂಗ್ ಒ-320 ಎಂಜಿನ್‌ಗೆ ಇಂಧನದ ಒತ್ತಡ 8 ಪಿಎಸ್‌ಐ ದಾಟುವಂತಿಲ್ಲ, ಹೋಸ್ ತಡೆಯುವುದು ಅದರ ಎಷ್ಟೋ ಪಟ್ಟು. ಹಾಗಿದ್ದಮೇಲೆ ಒತ್ತಡದ ಪರೀಕ್ಷೆಯೇ ಏಕೆ ಎನ್ನುವವರಿದ್ದಾರೆ. ಹೋಸ್ ಸಿಡಿಯದಿರಬಹುದು, ಆದರೆ ಕೈಯಾರೆ ಕೂಡಿಸಿದ ಸಂದು ಬಿಡಬಹುದು. ಆ ಪರೀಕ್ಷೆ ಬೇಕೇ ಬೇಕು, ಅದೂ ದ್ರವದಿಂದಲೇ. ಅದುಮಿದ ಗಾಳಿಯಲ್ಲಿ ಶಕ್ತಿ ಕೂಡಿರುತ್ತದೆ. ಫಿಟಿಂಗ್ ಕಳಚಿದರೆ ಎದುರಿದ್ದವರಿಗೆ ಅಪಾಯ. ಬೆಂಕಿ ತಡೆಯುವ ಹೊರಕವಚದ ಪಟ್ಟಿ ಬಿಗಿಯುವ ಮೊದಲೇ ಈ ಪರೀಕ್ಷೆ ಮುಗಿಯಬೇಕು. ಬಿಗಿದ ಮೇಲೆ ಸಣ್ಣ ಸೋರಿಕೆ ಕವಚದೊಳಗೇ ಅಡಗಿಬಿಡುತ್ತದೆ.

ಕಾರ್ಖಾನೆಯಲ್ಲಿ ಪರೀಕ್ಷಿಸಿದ ಹೋಸ್ ಕೊಂಡರಾಯಿತಲ್ಲ ಎಂಬುದು ಇನ್ನೊಂದು ಆಕ್ಷೇಪ. ಕೊಳ್ಳುವುದು ವಿವೇಕವೇ. ಆದರೆ ಆ ಪ್ರಮಾಣಪತ್ರ ನಿಮ್ಮ ವಿಮಾನದಲ್ಲಿ ಹೋಸ್ ಬಾಗಿದ ಬಗೆಗೆ, ಫಿಲ್ಟರಿಗೆ, ಪಂಪಿಗೆ ಹೊಣೆಯಲ್ಲ. ಎಲ್ಲವನ್ನೂ ಜೋಡಿಸಿ, ಕಡಿದಾದ ಏರಿಕೆಯಲ್ಲಿರುವಂತೆ ಮೂತಿ ಎತ್ತಿ ನಿಲ್ಲಿಸಿ, ಹರಿವನ್ನೇ ಅಳೆಯಬೇಕು. ಟೇಕಾಫ್‌ನಲ್ಲಿ ಎಂಜಿನ್ ಕೇಳುವುದರ 125 ಪ್ರತಿಶತ ಪಂಪಿನಿಂದ ಬರಬೇಕು. ಗುರುತ್ವದಿಂದಲೇ ಇಳಿಯುವುದಾದರೆ 150 ಪ್ರತಿಶತ. ಗಂಟೆಗೆ 55 ಲೀಟರ್ ಬೇಡುವ ಎಂಜಿನ್‌ಗೆ ಪಂಪು ಸುಮಾರು 69 ಲೀಟರ್, ಅಂದರೆ ನಿಮಿಷಕ್ಕೆ 1 ಲೀಟರಿಗೂ ಮಿಕ್ಕಿ ಕೊಡಬೇಕು. ಇದಕ್ಕೆ ಬೇಕಾದದ್ದು ಅಳತೆಯ ಪಾತ್ರೆ ಮತ್ತು ಗಡಿಯಾರ ಅಷ್ಟೆ. ಈ ಲೆಕ್ಕ ಕೂಡಿಬರುವ ತನಕ ಮೊದಲ ಹಾರಾಟಕ್ಕೆ ದಿನ ಗೊತ್ತುಮಾಡಬಾರದು.