ಕಲಾಸವರ್ಣವೂ ಪಾಠಶಾಲೆಯ ಭಿನ್ನರಾಶಿಯೂ

ಕ್ರಿ. ಶ. 850ರ ಸುಮಾರಿನಲ್ಲಿ ನೃಪತುಂಗ ಅಮೋಘವರ್ಷನನ್ನು ಸ್ತುತಿಸಿ ಮಹಾವೀರಾಚಾರ್ಯನು ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಭಿನ್ನರಾಶಿಗಳಿಗೆ ಮೀಸಲಾದ ಪ್ರಕರಣಕ್ಕೆ 'ಕಲಾಸವರ್ಣ'ವೆಂದು ಹೆಸರು. ಕಲೆಯೆಂದರೆ ಅಂಶ, ವಿಶೇಷವಾಗಿ ಹದಿನಾರನೆಯ ಅಂಶ. ಸವರ್ಣವೆಂದರೆ ಒಂದೇ ಬಣ್ಣದ್ದು. ಬೇರೆಬೇರೆ ಛೇದಗಳ ಅಂಶಗಳನ್ನು ಒಂದೇ ಜಾತಿಗೆ ತಾರದೆ ಕೂಡಿಸಲಾಗದೆಂಬ ತತ್ತ್ವವು ಈ ಹೆಸರಿನಲ್ಲಿಯೇ ಅಡಗಿದೆ. ಇದಕ್ಕಾಗಿ ಆಚಾರ್ಯನು ಲಘುತಮ ಸಾಮಾನ್ಯ ಅಪವರ್ತ್ಯವನ್ನು 'ನಿರುದ್ಧ'ವೆಂಬ ಹೆಸರಿನಿಂದ ಬಳಸಿದ್ದಾನೆ.

ಇಂದಿನ ಬೋಧನಕ್ರಮದಲ್ಲಿ ಈ ತತ್ತ್ವವು ಗಣಿತದ ಗಂಟೆಯೊಡನೆಯೇ ಮುಗಿದುಹೋಗುತ್ತದೆಂಬುದು ನಮ್ಮ ಆಕ್ಷೇಪ. ಅಂಶ ಛೇದಗಳೆರಡನ್ನೂ ಒಂದೇ ಸಂಖ್ಯೆಯಿಂದ ಗುಣಿಸಬೇಕೆಂಬ ಸೂತ್ರವನ್ನು ಮಗು ತಪ್ಪಿಲ್ಲದೆ ಒಪ್ಪಿಸುತ್ತದೆ. ಮುಂದಿನ ಗಂಟೆಯಲ್ಲಿ ಭೂಪಟದ ಪ್ರಮಾಣ ಬರುತ್ತದೆ. 1 ಕಿಲೋಮೀಟರಿಗೆ 2 ಸೆಂಟಿಮೀಟರು ಎಂದರೆ 2/1,00,000, ಅರ್ಥಾತ್ 1/50,000. ಇದು ನಿನ್ನೆಯ ಸೂತ್ರವೇ ಎಂದು ಹೇಳುವವರಿಲ್ಲ. ಚರಿತ್ರೆಯ ಪುಸ್ತಕಗಳಾದರೂ ಮೇಲಲ್ಲ. ಶಾಸನಗಳ ಹಾಗ, ವೀಸಗಳು ಅಲ್ಲಿ ಕೇವಲ ಹಳೆಯ ನಾಣ್ಯಗಳ ಹೆಸರುಗಳಾಗಿ ಉಳಿದಿವೆ. ಹಾಗವು ಹಣದ ಕಾಲುಭಾಗ, ವೀಸವು ಹದಿನಾರನೆಯ ಭಾಗ; ನಾಲ್ಕು ವೀಸ ಒಂದು ಹಾಗವೆಂದರೆ 4/16 = 1/4 ಎಂದೇ ಆಯಿತು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದಾಗ ನಾಲ್ಕಾಣೆ 25 ನಯೇಪೈಸೆಯಾಯಿತು. 4/16 ಎಂಬುದು 25/100 ಆಯಿತು. ಇಡೀ ದೇಶವೇ ಸಂತೆಯಲ್ಲಿ ನಿಂತು ಕಲಿತ ಸಮಾನ ಭಿನ್ನರಾಶಿಯ ಪಾಠವದು!

ಇದು ಕೇವಲ ಪಾಂಡಿತ್ಯದ ಮಾತಲ್ಲ. ತುಮಕೂರು ತಾಲ್ಲೂಕಿನ ಕೋರ ಹೋಬಳಿಯಂಥ ಬೇಸಾಯದ ಸೀಮೆಯಲ್ಲಿ ಮಗುವಿನ ಮನೆಯಲ್ಲೇ ಪಹಣಿ ಇರುತ್ತದೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಪಹಣಿಯ 1-20 ಎಂದರೆ ಒಂದೂವರೆ ಎಕರೆ, ಏಕೆಂದರೆ 20/40 = 1/2. ನಡುವಿನ ಗುರುತು ಗೆರೆಯಾಗಲಿ ಚುಕ್ಕೆಯಾಗಲಿ, ಅದು ದಶಮಾಂಶ ಬಿಂದುವಲ್ಲ. ಶಾಲೆಯ ಅಭ್ಯಾಸದಿಂದ ಅದನ್ನು 1.20 ಎಂದು ಓದಿದ ಹುಡುಗನಿಗೆ ಅರ್ಧ ಎಕರೆಯು ಐದನೆಯ ಒಂದು ಭಾಗವಾಗಿ, 12 ಗುಂಟೆ ಮಾಯವಾಗುತ್ತದೆ. ಇಬ್ಬರ ನಡುವೆ ಹಂಚುವಾಗ ತಲಾ 30 ಗುಂಟೆಗೆ ಬದಲಾಗಿ 24 ಬರುತ್ತದೆ. ವಿಭಾಗಪತ್ರಕ್ಕೆ ರುಜು ಹಾಕುವವನಿಗೆ ಆರು ಗುಂಟೆ ಅಲ್ಪವೇನಲ್ಲ.

ಎಲ್ಲ ವಿಷಯಗಳಲ್ಲಿಯೂ ಭಿನ್ನರಾಶಿಯನ್ನು ತುರುಕಬೇಕೆಂದು ಇದರಿಂದ ಅರ್ಥಮಾಡಬಾರದು. ಒಂದು ಗುರುವಿಗೆ ಎರಡು ಲಘು ಎಂಬ ಛಂದಸ್ಸಿನ ಲೆಕ್ಕವನ್ನು ಈ ಪಾಠಕ್ಕೆ ಎಳೆದರೆ ಪದ್ಯ ಕೆಡುವುದೇ ಹೆಚ್ಚು. ಅಲ್ಲದೆ, ಬೆಲೆಯಲ್ಲಿ ಸಮವಾದುದು ಅರ್ಥದಲ್ಲಿಯೂ ಸಮವೆಂದು ಮಗು ತಿಳಿಯಬಾರದು. ಗಣಿತಕ್ಕೆ 1/4, 2/8 ಒಂದೇ. ಚರಿತ್ರೆಯಾದರೋ ನಾಲ್ವರಲ್ಲಿ ಒಬ್ಬನೋ, ಎಂಟು ಮಂದಿಯಲ್ಲಿ ಇಬ್ಬರೋ ಎಂದು ಕೇಳುತ್ತದೆ. 1994ರ ಕರ್ನಾಟಕದ ತಿದ್ದುಪಡಿಯೂ 2005ರ ಕೇಂದ್ರದ ತಿದ್ದುಪಡಿಯೂ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಕೊಟ್ಟಾಗ ಬದಲಾದುದು ಛೇದವೇ. ಆ ಛೇದದೊಳಗೆ ಯಾರು ಯಾರು ಸೇರಿದ್ದಾರೆಂಬುದನ್ನು ಗಣಿತದ ಅಧ್ಯಾಪಕರು ಹೇಳಬೇಕಾಗಿಲ್ಲ. ಆ ಪಾಠ ಚರಿತ್ರೆಯ ಗಂಟೆಗೆ ಸೇರಿದುದು.