ನೀಲಾಂಬಿಕೆಯ ವಚನವೂ ಸಂಶೋಧಕನ ಕ್ಷಮಾಪಣೆಯೂ

ಔರಾದ ಕಡೆಯ ವಿದ್ಯಾರ್ಥಿಯೊಬ್ಬನು ನೀಲಾಂಬಿಕೆಯ ವಚನಗಳನ್ನು ಕುರಿತು ಎಂ.ಎ. ಪ್ರಬಂಧ ಬರೆಯುವೆನೆಂದು ಉತ್ಸಾಹದಿಂದ ನನ್ನಲ್ಲಿಗೆ ಬಂದಿದ್ದನು. ಎಂಟು ದಿನ ಕಳೆಯುವುದರೊಳಗೆ, "ಸರ್, ಬ್ಯಾರೆ ವಿಷಯ ಕೊಡ್ರಿ, ಮನ್ಯಾಗ ಬ್ಯಾಡ ಅಂತಾರ" ಎಂದನು. ಕಾರಣ ಕೇಳಬೇಕಾಗಿರಲಿಲ್ಲ. ಡಾ. ಎಂ. ಎಂ. ಕಲಬುರ್ಗಿಯವರ 'ಮಾರ್ಗ'ದ ಕಥೆ ನಮ್ಮ ಬೀದರ ಜಿಲ್ಲೆಯಲ್ಲಿ ಮರೆಯುವಂಥದಲ್ಲ.

'ಮಾರ್ಗ'ದ ಮೊದಲ ಸಂಪುಟದಲ್ಲಿ ಅವರು ಮುಖ್ಯವಾಗಿ ಎರಡು ಊಹೆಗಳನ್ನು ಮುಂದಿಟ್ಟಿದ್ದರು. ಬಸವಣ್ಣ-ನೀಲಾಂಬಿಕೆಯರ ದಾಂಪತ್ಯ ದೇಹಸಂಬಂಧಕ್ಕೆ ಹೊರತಾದುದಿರಬಹುದು ಎಂಬುದೊಂದು. ಚೆನ್ನಬಸವಣ್ಣನು ಡೋಹರ ಕಕ್ಕಯ್ಯನ ಮಗನಿರಬಹುದು ಎಂಬುದಿನ್ನೊಂದು. 1989ರಲ್ಲಿ ಪ್ರತಿಭಟನೆ ತೀವ್ರವಾದಾಗ ಅವರು ಆ ಮಾತುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದನ್ನು ತಮ್ಮ ಬೌದ್ಧಿಕ ಆತ್ಮಹತ್ಯೆಯೆಂದು ಅವರೇ ಕರೆದರು.

ಈಗ ನನ್ನ ಅಭಿಪ್ರಾಯ. ಮೊದಲನೆಯ ಊಹೆ ದುರ್ಬಲವಾದುದೆಂದೇ ನನಗೆ ತೋರುತ್ತದೆ. ವಚನದ ಮಾತು ರೂಪಕದ ಮಾತು. 'ಸತಿ', 'ಪತಿ', 'ಸಂಗ' ಎಂಬ ಶಬ್ದಗಳು ಅಲ್ಲಿ ಶರಣನಿಗೂ ಲಿಂಗಕ್ಕೂ ಸಲ್ಲುವಂತೆ ಗಂಡಹೆಂಡಿರಿಗೆ ಸಲ್ಲುವುದಿಲ್ಲ. ಅನುಭಾವದ ನುಡಿಯನ್ನು ಮನೆವಾರ್ತೆಯ ದಾಖಲೆಯಂತೆ ಓದಹೊರಟಾಗ ಕವಿತೆಯೂ ಕೆಡುತ್ತದೆ, ಚರಿತ್ರೆಯೂ ಸಿಕ್ಕುವುದಿಲ್ಲ. ಬಸವಣ್ಣನವರ ವಂಶವನ್ನು ಹೇಳುವ ಅರ್ಜುನವಾಡದ ಶಾಸನವೇ 1260ರದು. ಅವರ ಕಾಲಕ್ಕೆ ಸುಮಾರು ನೂರು ವರ್ಷ ಈಚಿನದು. ಆಧಾರ ಇಷ್ಟು ವಿರಳವಾಗಿರುವಲ್ಲಿ ಸಂಶೋಧಕನು ಇನ್ನೂ ಎಚ್ಚರದಿಂದಿರಬೇಕಿತ್ತು.

ಆದರೆ ಈ ಮಾತನ್ನು ಹೇಳಬೇಕಾದುದು ಒಂದು ಪುಸ್ತಕ ವಿಮರ್ಶೆಯಲ್ಲಿ. ಕ್ಷಮಾಪಣೆ ಬರೆಸಿಕೊಂಡವರು ಆ ವಿಮರ್ಶೆಗೆ ಎಡೆಯೇ ಇಲ್ಲದಂತೆ ಮಾಡಿದರು. ಹಿಂತೆಗೆದುಕೊಂಡ ಲೇಖನವನ್ನು ಯಾರೂ ಖಂಡಿಸಲಾರರು. ಅದು ಪಿಸುಮಾತಾಗಿ ಉಳಿಯುತ್ತದೆ.

ದೂರದ ಹೈಫಾ ವಿಶ್ವವಿದ್ಯಾನಿಲಯದಲ್ಲಿಯೂ ಇಂಥದೇ ಒಂದು ಪ್ರಸಂಗ ನಡೆಯಿತು. 1948ರಲ್ಲಿ ತಾಂತುರಾ ಎಂಬ ಅರಬ್ ಹಳ್ಳಿಯಲ್ಲಿ ನಡೆದುದನ್ನು ಕುರಿತು ಟೆಡ್ಡಿ ಕಾಟ್ಸ್ ಎಂಬವರು ಮುದುಕರ ಬಾಯಿಮಾತುಗಳನ್ನು ಸಂಗ್ರಹಿಸಿ 1998ರಲ್ಲಿ ಎಂ.ಎ. ಪ್ರಬಂಧ ಸಲ್ಲಿಸಿದರು. ಅಲ್ಲಿ ಹೋರಾಡಿದ ಹಳೆಯ ಸೈನಿಕರು ಮಾನನಷ್ಟದ ದಾವೆ ಹೂಡಿದರು. 2000ದಲ್ಲಿ ಕಾಟ್ಸ್ ಕ್ಷಮಾಪಣೆಗೆ ಸಹಿ ಹಾಕಿ, ಕೆಲವೇ ಗಂಟೆಗಳಲ್ಲಿ ಮನಸ್ಸು ಬದಲಿಸಿದರು, ನ್ಯಾಯಾಲಯ ಒಪ್ಪಲಿಲ್ಲ. ಪ್ರಬಂಧದ ಉಲ್ಲೇಖಗಳಲ್ಲಿ ತಪ್ಪುಗಳಿದ್ದುದು ನಿಜ. ಅವನ್ನು ಪರೀಕ್ಷಕರು ತಿದ್ದಬೇಕಾಗಿತ್ತು, ವಕೀಲರಲ್ಲ.

ಅದೇ ದೇಶದ ಸ್ಥಾಪಕರ ಜಾಣ್ಮೆ ಬೇರೆ ತೆರನಾದುದು. 1948ರ ಮೇ 14ರಂದು ಬೆನ್-ಗುರಿಯನ್ ಓದಿದ ಘೋಷಣೆಯಲ್ಲಿ ದೇವರ ಹೆಸರಿರಬೇಕೆಂದು ಧರ್ಮನಿಷ್ಠರೂ, ಕೂಡದೆಂದು ಸಮಾಜವಾದಿಗಳೂ ಪಟ್ಟು ಹಿಡಿದಾಗ, 'ಇಸ್ರೇಲಿನ ಬಂಡೆ' ಎಂಬ ಮಾತಿಗೆ ಎಲ್ಲರೂ ಒಪ್ಪಿದರು. ಒಬ್ಬರಿಗೆ ಅದು ದೇವರು, ಇನ್ನೊಬ್ಬರಿಗೆ ಜನತೆ. ಕವಿಗಳು ಮಾಡುವ ಕೆಲಸವನ್ನೇ ಅಂದು ರಾಜಕಾರಣಿಗಳು ಮಾಡಿದರು ಅನ್ನಿ!

ನಮ್ಮಲ್ಲಿಯೂ ಉದಾರ ಹಿರಿಯರಿದ್ದರು. ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು 1999ರಲ್ಲಿ ಲಿಂಗೈಕ್ಯರಾದರು. ಬಸವಕಲ್ಯಾಣದಲ್ಲಿ ಅನುಭವ ಮಂಟಪವನ್ನು ಕಟ್ಟಿಸಿದವರೂ ಅವರೇ. ಹನ್ನೆರಡನೆಯ ಶತಮಾನದ ಮಂಟಪ ಹೇಗಿತ್ತೆಂಬ ಪಂಡಿತರ ವಾದ ತೀರಲೆಂದು ಅವರು ಕಾಯಲಿಲ್ಲ, ಕಾಯಬೇಕಾಗಿಯೂ ಇರಲಿಲ್ಲ. ಭಕ್ತನ ಮಂಟಪಕ್ಕೆ ಸಂಶೋಧಕನ ಅಪ್ಪಣೆ ಬೇಕಿಲ್ಲ. ಸಂಶೋಧಕನ ಲೇಖನಕ್ಕೆ ಭಕ್ತನ ಅಪ್ಪಣೆ ಬೇಕೆನ್ನುವವರೊಂದಿಗೆ ಮಾತ್ರ ನನ್ನ ಜಗಳ.

2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಕಲಬುರ್ಗಿಯವರ ಕೊಲೆಯಾಯಿತು. ಎರಡು ವರ್ಷ ತುಂಬುವ ಮೊದಲೇ, 2017ರ ಜುಲೈನಲ್ಲಿ, ಲಿಂಗಾಯತ ಸ್ವತಂತ್ರ ಧರ್ಮವೆಂಬ ಬೇಡಿಕೆಗೆ ಬೀದರಿನಲ್ಲಿ ದೊಡ್ಡ ಸಮಾವೇಶ ಸೇರಿತು. ಆ ಚಳವಳಿಗೆ ಕಲಬುರ್ಗಿಯವರ ಸಂಶೋಧನೆಯೇ ಮುಖ್ಯ ಆಧಾರಗಳಲ್ಲೊಂದು. ಅದೇ ಲೇಖನಿಯಿಂದ ಬಂದ ನೀಲಾಂಬಿಕೆಯ ಲೇಖನವನ್ನು ಮಾತ್ರ ಯಾರೂ ಎತ್ತಲಿಲ್ಲ.

ನನ್ನ ವಿದ್ಯಾರ್ಥಿ ಈಗ ಬೀಸುವ ಪದಗಳನ್ನು ಸಂಗ್ರಹಿಸುತ್ತಿದ್ದಾನೆ. ಒಳ್ಳೆಯ ವಿಷಯವೇ. ಆದರೆ ನೀಲಾಂಬಿಕೆಯ ವಚನಗಳ ಟಿಪ್ಪಣಿ ಪುಸ್ತಕವನ್ನು ಅವನು ನನ್ನಲ್ಲಿಯೇ ಬಿಟ್ಟುಹೋಗಿದ್ದಾನೆ, ಮರಳಿ ಕೇಳಿಲ್ಲ.