ಸ್ಪ್ಯಾನರ್ ಹಿಡಿದ ಎಂಜಿನಿಯರ್

‘ಕೆಲಸ ಮಾಡುತ್ತಿರುವ ಎಂಜಿನಿಯರ್‌ನ ಚಿತ್ರ ಬರೆಯಿರಿ.’ ಅಮೆರಿಕದ ಶಾಲಾಮಕ್ಕಳ ಮುಂದೆ ಹೀಗೊಂದು ಹಾಳೆ ಇಟ್ಟರೆ ಅದರ ಮೇಲೆ ಮತ್ತೆ ಮತ್ತೆ ಮೂಡುವುದು ಕಾರು ರಿಪೇರಿ ಮಾಡುವವರು, ಕಟ್ಟಡ ಕಟ್ಟುವವರು, ರೈಲು ಓಡಿಸುವವರು. ಅಲ್ಲಿ ರೈಲು ಚಾಲಕರನ್ನೂ ಎಂಜಿನಿಯರ್ ಎಂದೇ ಕರೆಯುವುದರಿಂದ ಕೊನೆಯ ಚಿತ್ರದಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಆದರೆ ಯೋಚಿಸುವ, ಲೆಕ್ಕ ಹಾಕುವ, ನಾಲ್ಕು ಜನರ ಜೊತೆ ಕೂತು ವಿನ್ಯಾಸ ತಿದ್ದುವ ಎಂಜಿನಿಯರ್ ಈ ಚಿತ್ರಗಳಲ್ಲಿ ಸಿಗುವುದು ಕಡಿಮೆ.

ಈ ಪರೀಕ್ಷೆಯನ್ನು ಮೆರೆಡಿತ್ ನೈಟ್ ಮತ್ತು ಕ್ರಿಸ್ಟೀನ್ ಕನಿಂಗ್‌ಹ್ಯಾಮ್ 2004ರಲ್ಲಿ ಮಂಡಿಸಿದರು. ಇದಕ್ಕೆ ಮೇಲ್ಪಂಕ್ತಿ ಹಾಕಿಕೊಟ್ಟದ್ದು ಡೇವಿಡ್ ವೇಡ್ ಚೇಂಬರ್ಸ್ 1983ರಲ್ಲಿ ಪ್ರಕಟಿಸಿದ ‘ವಿಜ್ಞಾನಿಯ ಚಿತ್ರ ಬರೆ’ ಅಧ್ಯಯನ. ಅದರಲ್ಲಿ 4,807 ಮಕ್ಕಳು ಬರೆದ ಚಿತ್ರಗಳಲ್ಲಿ ಮಹಿಳಾ ವಿಜ್ಞಾನಿಗಳು ಕಂಡದ್ದು ಕೇವಲ 28. ಆ 28ನ್ನೂ ಬರೆದವರು ಹುಡುಗಿಯರು. ಒಬ್ಬನೇ ಒಬ್ಬ ಹುಡುಗನಿಗೂ ವಿಜ್ಞಾನಿ ಎಂದಾಗ ಹೆಣ್ಣು ನೆನಪಾಗಲಿಲ್ಲ. ಮಕ್ಕಳ ಮನಸ್ಸಿನಲ್ಲಿ ಬೇರುಬಿಟ್ಟ ಇಂಥ ಅಚ್ಚುಗಳನ್ನು ಇಷ್ಟು ಸುಲಭವಾಗಿ ಹೊರಗೆ ತರುವ ಸಾಧನ ಬೇರೆ ಇಲ್ಲ. ಆ ಶ್ರೇಯಸ್ಸು ಈ ವಿಧಾನಕ್ಕೆ ಸಲ್ಲಲೇಬೇಕು.

ಆದರೂ ಚಿತ್ರವೊಂದನ್ನೇ ನೆಚ್ಚಿಕೊಂಡು ‘ಮಕ್ಕಳಿಗೆ ಎಂಜಿನಿಯರಿಂಗ್ ಗೊತ್ತಿಲ್ಲ’ ಎಂದು ತೀರ್ಪು ಕೊಡುವುದು ಸರಿಯಲ್ಲ. ಏಳು ವರ್ಷದ ಮಗು ಸ್ಪ್ಯಾನರ್ ಬರೆಯಬಲ್ಲದು, ಯೋಚನೆಯನ್ನು ಬರೆಯಲಾರದು. ಸೇತುವೆಯ ಭಾರ ಎಲ್ಲಿಗೆ ಇಳಿಯುತ್ತದೆ, ಕಡಿಮೆ ಕಬ್ಬಿಣದಲ್ಲಿ ಹೆಚ್ಚು ಗಟ್ಟಿ ಮಾಡುವುದು ಹೇಗೆ ಎಂಬ ಚಿಂತನೆಗೆ ಬಣ್ಣದ ಪೆನ್ಸಿಲ್‌ನಲ್ಲಿ ರೂಪ ಕೊಡಲು ದೊಡ್ಡವರೂ ತಿಣುಕುತ್ತಾರೆ. ಪರ್ಡ್ಯೂ ವಿಶ್ವವಿದ್ಯಾಲಯದ ಬ್ರೆಂಡಾ ಕ್ಯಾಪೊಬಿಯಾಂಕೊ ಮತ್ತು ಸಂಗಡಿಗರು 2011ರ ಅಧ್ಯಯನದಲ್ಲಿ ಚಿತ್ರದ ಜೊತೆಗೆ ಮಕ್ಕಳನ್ನು ಮಾತಿಗೂ ಎಳೆದರು. ಅದೇ ಸರಿಯಾದ ದಾರಿ. ಅವರಿಗೂ ಎದುರಾದದ್ದು ಮೆಕ್ಯಾನಿಕ್, ಕೂಲಿ ಕೆಲಸಗಾರ, ತಂತ್ರಜ್ಞ ಎಂಬ ಕಲ್ಪನೆಗಳೇ. ಆದರೆ ಅವು ಎಲ್ಲಿಂದ ಬಂದವು ಎಂದು ಮಗುವನ್ನೇ ಕೇಳುವ ಅವಕಾಶ ಅಲ್ಲಿತ್ತು.

ಚಿತ್ರಕ್ಕಿಂತ ಹರಿತವಾದದ್ದು ಕನಿಂಗ್‌ಹ್ಯಾಮ್ ತಂಡದ ಇನ್ನೊಂದು ಪ್ರಶ್ನಾಪತ್ರ. ಅದರಲ್ಲಿ ಹಲವು ಕೆಲಸಗಳ ಪಟ್ಟಿ ಇದೆ. ಎಂಜಿನಿಯರ್ ಮಾಡುವ ಕೆಲಸಕ್ಕೆ ಮಗು ಗುರುತು ಹಾಕಬೇಕು. ಕಾರು ರಿಪೇರಿ, ವೈರಿಂಗ್, ಕಟ್ಟಡ ನಿರ್ಮಾಣಕ್ಕೆ ಧಾರಾಳವಾಗಿ ಗುರುತು ಬಿದ್ದವು. ಬ್ಯಾಂಡೇಜನ್ನು ಉತ್ತಮಪಡಿಸುವುದು, ನೀರು ಶುದ್ಧ ಮಾಡುವ ವಿಧಾನ ಹುಡುಕುವುದು ಹಿಂದೆ ಬಿದ್ದವು. ಮಕ್ಕಳ ಲೆಕ್ಕದಲ್ಲಿ ಎಂಜಿನಿಯರ್‌ಗೆ ಯಂತ್ರ ಬೇಕು, ಇಲ್ಲವೇ ಸಿಮೆಂಟು ಬೇಕು.

ಇಲ್ಲಿ ಮಕ್ಕಳ ಪರವಾಗಿ ಒಂದು ಮಾತು ಹೇಳಲೇಬೇಕು. ಗ್ಯಾರೇಜಿನ ಮೆಕ್ಯಾನಿಕ್ ಬೀದಿಯಲ್ಲೇ ಕಣ್ಣಿಗೆ ಬೀಳುತ್ತಾನೆ. ವಿನ್ಯಾಸಕಾರ ಮುಚ್ಚಿದ ಬಾಗಿಲ ಹಿಂದೆ ಕಂಪ್ಯೂಟರ್ ಮುಂದೆ ಕೂತಿರುತ್ತಾನೆ. ಮಗು ಕಂಡದ್ದನ್ನು ಪ್ರಾಮಾಣಿಕವಾಗಿ ಬರೆದಿದೆ. ಅಷ್ಟಕ್ಕೂ ಎಂಜಿನ್ನಿನ ಸದ್ದು ಕೇಳಿಯೇ ದೋಷ ಎಲ್ಲಿದೆಯೆಂದು ಊಹಿಸಿ, ಪರೀಕ್ಷಿಸಿ, ತಿದ್ದುವ ಮೆಕ್ಯಾನಿಕ್‌ನ ತರ್ಕಕ್ಕೂ ಎಂಜಿನಿಯರ್‌ನ ತರ್ಕಕ್ಕೂ ನೆಂಟಸ್ತಿಕೆ ಇದೆ. ಅದನ್ನು ಬರೀ ‘ತಪ್ಪು ಕಲ್ಪನೆ’ಯ ಖಾನೆಗೆ ತಳ್ಳಿದರೆ ಕೈಕೆಲಸದವರನ್ನು ಕೆಳಗಿಡುವ ಪಾಠವನ್ನೂ ಮಕ್ಕಳಿಗೆ ಕಲಿಸಿದಂತಾಗುತ್ತದೆ.

ಪರೀಕ್ಷೆಗಿಂತ ಮೆಚ್ಚಬೇಕಾದದ್ದು ಅದರ ಜೊತೆಗೆ ಬೆಳೆದ ಪಾಠಕ್ರಮ. ಮೆಸಾಚುಸೆಟ್ಸ್ ರಾಜ್ಯ 2001ರಲ್ಲಿ ಶಾಲಾ ವಿಜ್ಞಾನದೊಳಗೆ ಎಂಜಿನಿಯರಿಂಗನ್ನು ಸೇರಿಸಿತು. ಬಾಸ್ಟನ್‌ನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಕನಿಂಗ್‌ಹ್ಯಾಮ್ 2003ರಲ್ಲಿ ಪ್ರಾಥಮಿಕ ತರಗತಿಗಳಿಗಾಗಿಯೇ ‘ಎಂಜಿನಿಯರಿಂಗ್ ಈಸ್ ಎಲಿಮೆಂಟರಿ’ ಆರಂಭಿಸಿದರು. ಅದರ ಪ್ರತಿ ಘಟಕವೂ ಒಂದು ಕಥೆಯಿಂದ ಶುರುವಾಗುತ್ತದೆ. ಒಂದು ಕಥೆಯ ನಾಯಕಿ ಭಾರತದ ಸಲೀಲಾ; ಅವಳ ಕಾಳಜಿ ಆಮೆಗಳು ಮತ್ತು ಕಲುಷಿತ ನೀರು. ಕಥೆ ಓದಿದ ಮಕ್ಕಳು ಮರಳು, ಜಲ್ಲಿ, ಸೋಸುವ ಕಾಗದ ಜೋಡಿಸಿ ನೀರು ಸೋಸುತ್ತಾರೆ. ನೀರು ಇನ್ನೂ ಕೊಳಕಾಗಿದ್ದರೆ ಜೋಡಣೆ ಬದಲಿಸಿ ಮತ್ತೆ ಸೋಸುತ್ತಾರೆ. ಕೇಳು, ಕಲ್ಪಿಸು, ಯೋಜಿಸು, ಮಾಡು, ಸುಧಾರಿಸು ಎಂಬ ಐದು ಹೆಜ್ಜೆಗಳಲ್ಲಿ ಕೊನೆಯದೇ ಮುಖ್ಯ. ಮೊದಲ ಸಲ ಕೆಟ್ಟರೆ ಅಂಕ ಕಳೆಯದೆ, ಯಾಕೆ ಕೆಟ್ಟಿತು ಎಂದು ಕೇಳುವ ಪಾಠ ಶಾಲೆಯಲ್ಲಿ ಬಲು ಅಪರೂಪ.

ಇನ್ನು ನಮ್ಮಲ್ಲಿಗೆ ಬಂದರೆ, ಕರ್ನಾಟಕದ ಮಕ್ಕಳಿಗೆ ಎಂಜಿನಿಯರ್ ಎಂದರೆ ಮೈಸೂರು ಪೇಟ ತೊಟ್ಟ ಸರ್ ಎಂ. ವಿಶ್ವೇಶ್ವರಯ್ಯ. ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನದ ಭಾಷಣಗಳಲ್ಲಿ ಅವರ ಶಿಸ್ತು, ಪ್ರಾಮಾಣಿಕತೆ, ಕನ್ನಂಬಾಡಿ ಕಟ್ಟೆ ಬರುತ್ತವೆ. ಅವರು ಬಿಡಿಸಿದ ಸಮಸ್ಯೆ ಬರುವುದಿಲ್ಲ. ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಗೇಟುಗಳನ್ನೇ ನೋಡಿ. ಕಟ್ಟೆಯನ್ನು ಎತ್ತರಿಸದೆ ಹೆಚ್ಚು ನೀರು ನಿಲ್ಲಿಸಬೇಕು, ಪ್ರವಾಹ ಬಂದರೆ ಕಟ್ಟೆಗೆ ಅಪಾಯವಾಗಬಾರದು. ನೀರು ಗೊತ್ತಾದ ಮಟ್ಟ ಮೀರಿದಾಗ ತಾವಾಗಿ ತೆರೆದು, ಇಳಿದಾಗ ತಾವಾಗಿ ಮುಚ್ಚುವ ಗೇಟುಗಳು ಅದಕ್ಕೆ ಅವರು ಕಂಡುಕೊಂಡ ಉತ್ತರ. ನಾಲ್ಕನೆಯ ತರಗತಿಯ ಮಗುವಿಗೂ ಇದು ಅರ್ಥವಾಗುತ್ತದೆ, ಹೇಳುವವರು ಬೇಕಷ್ಟೆ.

ಶಾಲಾಮಕ್ಕಳು ಕೈಯಾರೆ ಮಾಡಿ ಕಲಿಯಲೆಂದು ಇರುವ ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ತೆರೆದುಕೊಳ್ಳುವುದು ಆರನೆಯ ತರಗತಿಯಿಂದ. ಮಕ್ಕಳ ಮನಸ್ಸಿನಲ್ಲಿ ಚಿತ್ರ ಅದಕ್ಕೂ ಮುಂಚೆಯೇ ಮೂಡಿಬಿಟ್ಟಿರುತ್ತದೆ. ಹಾಗಾಗಿ ಪ್ರಾಥಮಿಕ ಶಾಲೆಯ ಮೇಷ್ಟ್ರು, ಟೀಚರುಗಳು ಈ ಸಲದ ಎಂಜಿನಿಯರುಗಳ ದಿನದಂದು ಭಾಷಣವನ್ನು ಅರ್ಧಕ್ಕೆ ಇಳಿಸಲಿ. ಉಳಿದ ಹೊತ್ತಿನಲ್ಲಿ ಮಕ್ಕಳಿಗೆ ಮರಳು, ಜಲ್ಲಿ, ಬಟ್ಟೆ, ಒಂದು ಬಕೆಟ್ ಕೆಸರುನೀರು ಕೊಡಲಿ.